ಸಂಪಾದಕರ ಉತ್ತರ: ನೆತ್ತಿಗೆ ಹತ್ತಿದ ನೀರು, ತಗ್ಗಿದ ದನಿ

ಹೊನ್ನಾವರ ತಾಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬಾರದೆಂದು ಕೋರಿದ್ದಾರೆ. ಅವರ ತಂದೆಗೆ 74 ವರ್ಷ, ಪಾರ್ಕಿನ್ಸನ್ ಕಾಯಿಲೆ ಶುರುವಾಗಿ ಆರು ವರ್ಷ. ಒಂದು ಕಾಲಕ್ಕೆ ತಾಳಮದ್ದಲೆಯಲ್ಲಿ ಮೈಕಿಲ್ಲದೆ ಅರ್ಥ ಹೇಳಿದವರ ಮಾತು ಈಗ ಪಕ್ಕದಲ್ಲಿ ಕುಳಿತವರಿಗೂ ಕೇಳಿಸುವುದಿಲ್ಲ. ನೀರು ಕುಡಿದರೆ ಕೆಮ್ಮು. ನರರೋಗ ತಜ್ಞರು ಧ್ವನಿ ಚಿಕಿತ್ಸೆ ಮಾಡಿಸಿ, ನುಂಗುವುದನ್ನೂ ಪರೀಕ್ಷೆ ಮಾಡಿಸಿ ಎಂದಿದ್ದಾರೆ. "ಈ ವಯಸ್ಸಿನಲ್ಲಿ ಒಂದು ತಿಂಗಳು ಪೇಟೆಯಲ್ಲಿ ಇಟ್ಟುಕೊಂಡು ‘ಆ’ ಎನ್ನಿಸಿ ಏನು ಬಂತು? ಗಂಜಿ ಉಣ್ಣಿಸಿಕೊಂಡು ಮನೆಯಲ್ಲೇ ಇರಲಿ ಎನ್ನುತ್ತಾನೆ ನನ್ನ ಅಣ್ಣ. ನೀವೇನು ಹೇಳುತ್ತೀರಿ?" ಎಂಬುದು ಅವರ ಪ್ರಶ್ನೆ.

ತಂಗಿ, ನಿಮ್ಮ ಅಣ್ಣನ ಕಷ್ಟ ನನಗೆ ಅರ್ಥವಾಗುತ್ತದೆ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಮನೆಯಿಂದ ಒಬ್ಬರು ತಿಂಗಳುಗಟ್ಟಲೆ ಹೊರಗಿರುವುದು ಸುಲಭವಲ್ಲ. ಬಾಡಿಗೆ ಕೋಣೆಗೂ ಊಟಕ್ಕೂ ದುಡ್ಡು ಬೇಕು. ಕಾಯಿಲೆ ಬುಡಸಮೇತ ಹೋಗುವುದೂ ಇಲ್ಲ. ಇಷ್ಟನ್ನು ಒಪ್ಪಿದೆ. ಉಳಿದದ್ದರಲ್ಲಿ ಒಂದು ಮಾತನ್ನೂ ಒಪ್ಪಲಾರೆ.

ಅಪ್ಪಯ್ಯ ಕೆಮ್ಮಿದಾಗಲೆಲ್ಲ ಅಮ್ಮ ನೆತ್ತಿ ತಟ್ಟಿ "ಯಾರೋ ನೆನೆಸಿಕೊಳ್ಳುತ್ತಿದ್ದಾರೆ" ಎನ್ನುತ್ತಾರೆಂದು ಬರೆದಿದ್ದೀರಿ. ಆ ಸಾಲು ಓದಿ ಪತ್ರವನ್ನು ಕೆಳಗಿಟ್ಟೆ. ನಮ್ಮ ಮನೆಯಲ್ಲೂ ಹಾಗೇ ಹೇಳುತ್ತಿದ್ದೆವು. ನನ್ನ ದೊಡ್ಡಪ್ಪ ಸಿದ್ದಾಪುರದ ಕಡೆ ಮಾಸ್ತರರಾಗಿದ್ದವರು. ಅವರಿಗೂ ಇದೇ ಕಾಯಿಲೆ. ಮಡಿಯ ಮನೆ, ಲೋಟ ತುಟಿಗೆ ತಾಗಿದರೆ ಎಂಜಲು. ನಡುಗುವ ಕೈಯಲ್ಲಿ ಚೊಂಬು ಎತ್ತಿ, ತಲೆಯನ್ನು ಹಿಂದಕ್ಕೆ ಚೆಲ್ಲಿ, ಮೇಲಿನಿಂದ ನೀರು ಸುರಿದುಕೊಳ್ಳುತ್ತಿದ್ದರು. ಅರ್ಧ ಪಂಚೆಯ ಮೇಲೆ, ಉಳಿದರ್ಧ ಕೆಮ್ಮಿನೊಂದಿಗೆ ಒಳಗೆ. ಕೆಲವು ತಿಂಗಳ ಮೇಲೆ ಕೆಮ್ಮು ತಾನಾಗಿ ನಿಂತಿತು. ಗುಣವಾಯಿತೆಂದು ಸಂತೋಷಪಟ್ಟೆವು. ಆ ಮಳೆಗಾಲ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು, ನ್ಯುಮೋನಿಯಾ ಎಂದರು, ಹೋದರು. ವಯಸ್ಸಾಗಿತ್ತು ಎಂದು ಊರು ಸಮಾಧಾನ ಹೇಳಿತು. ವರ್ಷಗಳ ನಂತರ ಓದಿ ತಿಳಿದುಕೊಂಡೆ: ಗಂಟಲಿನ ಸಂವೇದನೆ ಮಂಕಾದಾಗ ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬಾರದಿರಬಹುದು. ನಾವು ಗುಣವೆಂದುಕೊಂಡದ್ದು ಕಾವಲುಗಾರ ನಿದ್ದೆಹೋದ ಸ್ಥಿತಿಯಾಗಿತ್ತು. ಪಾರ್ಕಿನ್ಸನ್ ಇರುವವರ ಸಾವಿನ ಮುಖ್ಯ ಕಾರಣಗಳಲ್ಲಿ ಹೀಗೆ ಬರುವ ನ್ಯುಮೋನಿಯಾವೂ ಒಂದು.

ಆದ್ದರಿಂದ ಮೊದಲ ಮಾತು, ಎತ್ತಿ ಕುಡಿಯುವುದನ್ನು ಇವತ್ತೇ ಬಿಡಿಸಿ. ತಲೆ ಹಿಂದಕ್ಕೆ ಬಾಗಿದಾಗ ಶ್ವಾಸನಾಳದ ಬಾಗಿಲು ಮುಚ್ಚುವುದು ಕಷ್ಟವಾಗುತ್ತದೆ. ನೆಟ್ಟಗೆ ಕೂರಿಸಿ, ಅಗಲ ಬಾಯಿಯ ಲೋಟವನ್ನು ತುಟಿಗೆ ಹಚ್ಚಿ, ಒಂದೊಂದೇ ಗುಟುಕು ಕುಡಿಸಿ. ಎಂಜಲಿನ ಮಾತು ಬಂದರೆ ಆ ಲೋಟವನ್ನು ಅವರಿಗೇ ಮೀಸಲಿಡಿ. ಗದ್ದವನ್ನು ಎದೆಯ ಕಡೆ ತಗ್ಗಿಸಿ ನುಂಗುವುದು ಕೆಲವರಿಗೆ ಒಳ್ಳೆಯದು, ಎಲ್ಲರಿಗೂ ಅಲ್ಲ. ಬೇರಿಯಂ ಬೆರೆಸಿದ ಆಹಾರ ನುಂಗಿಸಿ ಎಕ್ಸ್‌ರೇಯಲ್ಲಿ ನೋಡಿಯೋ, ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿಯೋ ತಜ್ಞರು ಅದನ್ನು ಹೇಳಬೇಕು.

ಇನ್ನು ಗಂಜಿ. ಕಾಯಿಲೆಯವರಿಗೆ ಗಂಜಿಗಿಂತ ಹಗುರವಾದದ್ದಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಕುಚ್ಚಲಕ್ಕಿ ಗಂಜಿಯನ್ನು ಒಂದು ಚಮಚ ಎತ್ತಿ ನೋಡಿ: ತೆಳು ತಿಳಿ, ಅದರಲ್ಲಿ ಬಿಡಿಬಿಡಿ ಅಗುಳು. ಬಾಯಿ ಅಗುಳನ್ನು ಅಗಿಯುತ್ತಿರುವಾಗಲೇ ತಿಳಿ ಗಂಟಲಿಗೆ ಜಾರಿರುತ್ತದೆ. ನುಂಗುವ ತೊಂದರೆ ಇರುವವರಿಗೆ ಇಂಥ ಬೆರಕೆಯೇ ಅತಿ ಕಷ್ಟದ್ದು. ಅಪ್ಪೆಹುಳಿ, ತೆಳ್ಳನೆಯ ತಂಬುಳಿ, ಒಣ ಅವಲಕ್ಕಿ, ಪುಡಿಪುಡಿಯಾಗುವ ತೊಡದೇವು, ಇವುಗಳ ಮೇಲೂ ಕಣ್ಣಿರಲಿ. ಗಂಜಿಯನ್ನು ಅಗುಳಿಲ್ಲದಂತೆ ನುಣ್ಣಗೆ ರುಬ್ಬಿ ದಪ್ಪಗೆ ಕೊಡಬಹುದು. ರಾಗಿ ಮಣ್ಣಿ ನಮ್ಮ ಅಡುಗೆಮನೆಯಲ್ಲೇ ಇದೆ. ನುಣುಪಾಗಿ, ಒಂದೇ ಮುದ್ದೆಯಾಗಿ ಇಳಿಯುತ್ತದೆ. ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತಿಗೆ ಊಟ ಹೊಂದಿಸಿ; ಹೊತ್ತು ಎಷ್ಟೆಂದು ವೈದ್ಯರನ್ನು ಕೇಳಿ. ಊಟದ ನಂತರ ಬಾಯಿ, ಹಲ್ಲು ಚೊಕ್ಕಟವಾಗಿರಲಿ. ಶ್ವಾಸಕೋಶಕ್ಕೆ ಇಳಿಯುವ ಎಂಜಲಿನಲ್ಲಿ ರೋಗಾಣು ಕಡಿಮೆಯಿದ್ದಷ್ಟೂ ಅಪಾಯ ಕಡಿಮೆ.

ದನಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಅಣ್ಣ ಅದನ್ನು ಶೋಕಿಯೆಂದುಕೊಂಡಿದ್ದಾರೆ. ಮಾತನಾಡುವಾಗ ಕೂಡಿಕೊಂಡು ಕಂಪಿಸುವ ಸ್ವರತಂತುಗಳೇ ನುಂಗುವಾಗ ಬಿಗಿಯಾಗಿ ಮುಚ್ಚಿ ಶ್ವಾಸನಾಳ ಕಾಯುತ್ತವೆ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವರ್ಣಿಸಿ ಬರೆದಾಗಲೇ ಮಾತು ಅಸ್ಪಷ್ಟವಾಗುವುದನ್ನೂ ನುಂಗಲು ಕಷ್ಟಪಡುವುದನ್ನೂ ಗುರುತಿಸಿದ್ದರು. ಇನ್ನೂರು ವರ್ಷ ಕಳೆದರೂ ನಾವು ನಡುಗುವ ಕೈಯನ್ನಷ್ಟೇ ಕಾಯಿಲೆ ಎನ್ನುತ್ತೇವೆ. ಕೈಕಾಲಿನ ಬಿಗಿತಕ್ಕೆ ಲೆವೊಡೋಪಾ ಮಾತ್ರೆ ನೆರವಾದಷ್ಟು ದನಿಗೆ ನೆರವಾಗುವುದಿಲ್ಲ.

"ಗಟ್ಟಿ ಮಾತಾಡಿ ಎಂದರೆ, ನಾನೇನು ಪಿಸುಗುಟ್ಟುತ್ತಿದ್ದೇನೆಯೇ, ನಿನ್ನ ಕಿವಿ ತೋರಿಸಿಕೋ ಎಂದು ಸಿಟ್ಟಾಗುತ್ತಾರೆ" ಎಂದಿದ್ದೀರಿ. ಅದು ಹಟವಲ್ಲ, ತಂಗಿ. ಅವರ ಮಿದುಳಿಗೆ ಅಳತೆ ತಪ್ಪಿದೆ. ಪಿಸುಮಾತು ಅವರಿಗೆ ಸಹಜ ಮಾತಿನಂತೆ, ಸಹಜ ಮಾತು ಕೂಗಿನಂತೆ ಕೇಳುತ್ತದೆ. ಈ ಅಳತೆಯನ್ನೇ ತಿದ್ದುವ ಚಿಕಿತ್ಸೆಯೊಂದು 1987ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಲೀ ಸಿಲ್ವರ್‌ಮನ್ ಎಂಬ ಪಾರ್ಕಿನ್ಸನ್ ಪೀಡಿತ ಮಹಿಳೆಯ ಹೆಸರೇ ಅದಕ್ಕಿದೆ. ಆಕೆಯ ಮಾತು ಮತ್ತೆ ಕೇಳಿಸುವಂತಾಗಲಿ ಎಂಬುದು ಆ ಮನೆಯವರ ಹಂಬಲವಾಗಿತ್ತು. ವಾರಕ್ಕೆ ನಾಲ್ಕು ದಿನ, ದಿನಕ್ಕೊಂದು ಗಂಟೆ, ನಾಲ್ಕು ವಾರ. ನೀಳವಾಗಿ ‘ಆ’, ಏರುದನಿ, ಇಳಿದನಿ, ದಿನನಿತ್ಯದ ವಾಕ್ಯಗಳು. ಎಲ್ಲಕ್ಕೂ ಸೂಚನೆ ಒಂದೇ, ಗಟ್ಟಿಯಾಗಿ. ಬ್ರಿಟನ್ನಿನಲ್ಲಿ 388 ಜನರನ್ನು ಸೇರಿಸಿಕೊಂಡು ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿನ ವಾಡಿಕೆಯ ಮಾತಿನ ಚಿಕಿತ್ಸೆಗಿಂತಲೂ ಏನೂ ಮಾಡದೆ ಬಿಡುವುದಕ್ಕಿಂತಲೂ ಇದೇ ಹೆಚ್ಚು ಫಲ ಕೊಟ್ಟಿತು. ಭಾಗವತರ ಶ್ರುತಿಗೆ ದನಿ ಹೊಂದಿಸಿ ಬದುಕಿದ ಮನುಷ್ಯನಿಗೆ ಇದನ್ನು ಕಲಿಸುವುದು ಕಷ್ಟವೇ? ಎಂತಹ ದೊಡ್ಡ ಬಂಡವಾಳ ಅವರ ಮೈಯಲ್ಲೇ ಇದೆ!

ಇದೆಲ್ಲ ಪಾರ್ಕಿನ್ಸನ್‌ಗೆ ಹೇಳಿದ ಮಾತು. ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಸ್ನಾಯುಗಳೇ ಕ್ಷೀಣಿಸುವುದರಿಂದ ಗಟ್ಟಿ ಕೂಗಿಸುವುದು ದಣಿವನ್ನಷ್ಟೇ ತಂದೀತು. ಅಲ್ಲಿ ದನಿ ಇರುವಾಗಲೇ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳುವುದು ಜಾಣತನ. ಪತ್ರ ಓದಿದ ಬೇರೆಯವರು ಎರಡನ್ನೂ ಒಂದೇ ಎಂದುಕೊಳ್ಳಬಾರದೆಂದು ಹೇಳಿದೆ.

ಒಂದು ತಿಂಗಳು ಪೇಟೆಯಲ್ಲಿ ಯಾಕೆ ಇರಬೇಕು ಎಂಬ ಪ್ರಶ್ನೆಯನ್ನು ನಿಮ್ಮ ಅಣ್ಣ ಅಪ್ಪಯ್ಯನನ್ನು ಕೇಳುವ ಬದಲು ಸರ್ಕಾರವನ್ನು ಕೇಳಲಿ, ನಾನೂ ದನಿಗೂಡಿಸುತ್ತೇನೆ. ಮಾತು ಮತ್ತು ಶ್ರವಣದ ತಜ್ಞರನ್ನು ತಯಾರು ಮಾಡುವ ದೇಶದ ಹಿರಿಯ ಸಂಸ್ಥೆ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಅಲ್ಲಿ ಕಲಿತವರು ದೇಶವಿದೇಶಗಳಲ್ಲಿದ್ದಾರೆ. ನಮ್ಮ ತಾಲೂಕು ಆಸ್ಪತ್ರೆಗಳ ಬಾಗಿಲಲ್ಲಿ ಅಂಥವರನ್ನು ಹುಡುಕಿ ನೋಡಿ. ಕದ್ರಾ, ಕೊಡಸಳ್ಳಿ ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಎಂದು ಮನೆಮಾರು ಬಿಟ್ಟುಕೊಟ್ಟ ಜಿಲ್ಲೆ ಇದು. ಒಂದು ಸುಸಜ್ಜಿತ ಆಸ್ಪತ್ರೆಗಾಗಿ 2022ರಲ್ಲಿ ಬೀದಿಗಿಳಿಯಬೇಕಾಯಿತು. ಆಗ ನಾನೂ ಇದೇ ಪುಟದಲ್ಲಿ ಬರೆದೆ; ಹೃದಯಾಘಾತದ ಬಗ್ಗೆ ಬರೆದೆ, ಹೆದ್ದಾರಿ ಅಪಘಾತದ ಬಗ್ಗೆ ಬರೆದೆ. ಗಂಟಲಿನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ನಮ್ಮ ದೊಡ್ಡಪ್ಪನನ್ನು ಕಂಡೂ ಬರೆಯಲಿಲ್ಲ. ಈ ಚಿಕಿತ್ಸೆಯನ್ನು ಮೊಬೈಲ್ ಪರದೆಯ ಮೂಲಕವೂ ಕಲಿಸಬಹುದು, ಆದರೆ ಘಟ್ಟದ ಎಷ್ಟು ಮನೆಗಳಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ನಿಮ್ಮ ಮೇಲೂ ನನಗೊಂದು ಆಕ್ಷೇಪವಿದೆ. ಬೆಂಗಳೂರಿನ ಮೊಮ್ಮಗ ಫೋನ್ ಮಾಡಿದಾಗ "ಅಪ್ಪಯ್ಯನ ಮಾತು ಅವನಿಗೆ ತಿಳಿಯುವುದಿಲ್ಲ, ನಾವೇ ಮಾತಾಡಿ ಇಡುತ್ತೇವೆ" ಎಂದಿದ್ದೀರಿ. ಹಾಗೆ ಮಾಡಬೇಡಿ. ಕೈಯಿಂದ ಫೋನ್ ತೆಗೆದುಕೊಂಡ ದಿನದಿಂದಲೇ ನಮ್ಮ ದೊಡ್ಡಪ್ಪ ಜಗಲಿಯ ಮೂಲೆ ಸೇರಿದರು. ತಜ್ಞರ ದಿನ ಗೊತ್ತುಮಾಡಿಕೊಳ್ಳಿ. ಅಲ್ಲಿಯವರೆಗೆ ಬೆಳಗಿನ ಮಾತ್ರೆ ಹಿಡಿದ ಹೊತ್ತಿನಲ್ಲಿ ಅವರನ್ನು ಜಗಲಿಯಲ್ಲಿ ನೆಟ್ಟಗೆ ಕೂರಿಸಿ, ನೀವು ಅಂಗಳದ ತುಳಸಿಕಟ್ಟೆಯ ಹತ್ತಿರ ನಿಂತುಕೊಳ್ಳಿ. ಕರ್ಣನ ಪೀಠಿಕೆ ಅವರಿಗೆ ಮರೆತಿರಲಾರದು. ಕಟ್ಟಕಡೆಯ ಚಾಪೆಯವನಿಗೆ ಕೇಳಬೇಕು, ಹೇಳಿ ಎನ್ನಿ. ತುಳಸಿಕಟ್ಟೆಯವರೆಗೆ ಎಷ್ಟು ವಾಕ್ಯ ಬಂದವೆಂದು ಮುಂದಿನ ಪತ್ರದಲ್ಲಿ ನನಗೆ ಬರೆಯಿರಿ.