ಅದು ಪ್ರವಾಸದ ಡೈರಿ ಆಗಿರಲಿಲ್ಲ

ನಾನು ಆಪ್ತಸಲಹೆಗಾರ್ತಿ. ನನ್ನ ಜೊತೆ ಮಾತಾಡಿದ ಒಂದು ದಂಪತಿಯ ಪ್ರಕರಣ ಇದು, ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು, ಕೆಲಸ ಬದಲಿಸಿದ್ದೇನೆ. ಆದರೂ ಬರೆಯಲು ಆರು ತಿಂಗಳು ತಡ ಮಾಡಿದೆ. ಇದರಲ್ಲಿ ನನ್ನದೂ ಒಂದು ತಪ್ಪಿದೆ, ಅದಕ್ಕೆ.

ಯಜಮಾನರಿಗೆ 71 ವರ್ಷ. ಅವರನ್ನು ರಾಯರು ಅನ್ನೋಣ. ಹೆಂಡತಿ ಸುಮತಿಯಮ್ಮನವರಿಗೆ 67. ಮಲೆನಾಡಿನ ಕಡೆಯವರು, ಅಮೆರಿಕಕ್ಕೆ ಬಂದು 35 ವರ್ಷ ದಾಟಿದೆ. ನಿವೃತ್ತಿಯಾದ ಮೇಲೆ ಡಲ್ಲಾಸ್ ಹತ್ತಿರದ ಮನೆ ಮಾರಿದರು. 36 ಅಡಿ ಉದ್ದದ ಮೋಟರ್‌ಹೋಮ್, ಅಂದರೆ ಒಳಗೇ ಅಡುಗೆ ಮಾಡಿ ಮಲಗಬಹುದಾದ ಮನೆಯಂಥ ಗಾಡಿ ಕೊಂಡರು. ಅದರ ಹಿಂದೆ ಒಂದು ಪುಟ್ಟ ಕಾರು ಕಟ್ಟಿಕೊಂಡು ಹೊರಟರು. ಇಂಥ ಗಾಡಿಗೆ ಅಲ್ಲಿ ಆರ್‌ವಿ ಅನ್ನುತ್ತಾರೆ. ಅದು ರಜೆಯಲ್ಲಿ ಬಾಡಿಗೆಗೆ ತೆಗೆದುಕೊಳ್ಳುವ ಗಾಡಿ ಅಂತ ನಮ್ಮವರಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಇವರಿಗೆ ಅದೇ ಮನೆ, ಬೇರೆ ಮನೆ ಇಲ್ಲ. ಚಳಿಗಾಲಕ್ಕೆ ಅರಿಜೋನಾದ ಕ್ವಾರ್ಟ್ಜ್‌ಸೈಟ್ ಮರುಭೂಮಿ, ಬೇಸಿಗೆಗೆ ಕೊಲರಾಡೊದ ಬೆಟ್ಟಗಳು. ಪತ್ರ ಬರೋಕೆ ಒಂದು ವಿಳಾಸ ಬೇಕಲ್ಲ, ಅದಕ್ಕೆ ಟೆಕ್ಸಾಸ್‌ನ ಲಿವಿಂಗ್‌ಸ್ಟನ್. ಹೀಗೆ ಗಾಡಿಯಲ್ಲೇ ಬದುಕುವ ಸಾವಿರಾರು ಜನರ ಟಪಾಲು ಆ ಪುಟ್ಟ ಊರಿಗೇ ಬರುತ್ತದೆ.

ಐದನೇ ವರ್ಷದಲ್ಲಿ ರಾಯರಿಗೆ ಪಾರ್ಕಿನ್ಸನ್ ಕಾಯಿಲೆ ಇದೆ ಅಂತ ಗೊತ್ತಾಯಿತು. ಕೈಬರಹ ಚಿಕ್ಕದಾಗುತ್ತಾ ಬಂದಿತ್ತು. ಒಗ್ಗರಣೆ ಸೀದರೂ ವಾಸನೆ ತಿಳಿಯುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ಜೊತೆ ಮಲಗುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಆಮೇಲೆ ಬಲಗೈ ನಡುಕ ಶುರುವಾಯಿತು.

ನನ್ನನ್ನು ಹುಡುಕಿದ್ದು ಅವರ ಮಗಳು. "ಅಪ್ಪನಿಗೆ ಬುದ್ಧಿ ಹೇಳಿ, ಗಾಡಿ ಮಾರಿಸಿ, ನಮ್ಮನೇಗೆ ಬರೋ ಹಾಗೆ ಮಾಡಿ" ಅಂದರು. ಯಾರನ್ನೂ ಎಲ್ಲಿಗೂ ಕಳಿಸುವ ಕೆಲಸ ನಾನು ಮಾಡುವುದಿಲ್ಲ, ಅಪ್ಪ ಅಮ್ಮ ಇಬ್ಬರೂ ಒಪ್ಪಿದರೆ ಮಾತಾಡುತ್ತೇನೆ ಅಂದೆ.

ಇಲ್ಲೊಂದು ಕಾನೂನಿನ ವಿಷಯ ಹೇಳಬೇಕು, ಕತೆಗೆ ಬೇಕಾದ್ದು. ಅಮೆರಿಕದಲ್ಲಿ ಆಪ್ತಸಲಹೆಯ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ನನ್ನದು ಟೆಕ್ಸಾಸ್‌ದು. ವಿಡಿಯೋ ಕರೆಯಲ್ಲಿ ಮಾತಾಡಿದರೂ ಆ ಹೊತ್ತಿನಲ್ಲಿ ಅವರು ಟೆಕ್ಸಾಸ್ ಒಳಗೇ ಕೂತಿರಬೇಕು. ಊರೂರು ತಿರುಗುವವರಿಗೆ ಇದು ದೊಡ್ಡ ತೊಡಕು.

ಮೊದಲ ಎರಡು ಭೇಟಿಗಳಲ್ಲಿ ರಾಯರೇ ಮಾತಾಡಿದರು. ಕಾಯಿಲೆಯ ಹೆಸರು ಕೇಳಿದ ದಿನದ ಬಗ್ಗೆ, ಅಂಗಿಯ ಗುಂಡಿ ಹಾಕಲು ಆಗದೆ ಅತ್ತ ಬೆಳಗಿನ ಬಗ್ಗೆ. ನಾನು ಕೇಳಿಸಿಕೊಂಡೆ. ಸುಮತಿಯಮ್ಮ ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದರು. "ನೀವು ಹೇಗಿದ್ದೀರಿ?" ಅಂದರೆ, "ನನಗೇನಾಗಿದೆ, ಚೆನ್ನಾಗಿದ್ದೀನಿ" ಅನ್ನುತ್ತಿದ್ದರು.

ಮೂರನೇ ಭೇಟಿಯ ಹೊತ್ತಿಗೆ ಅವರು ನ್ಯೂ ಮೆಕ್ಸಿಕೊದ ಲಾಸ್ ಕ್ರೂಸಸ್‌ನಲ್ಲಿ ಇದ್ದರು. ಅಲ್ಲಿಂದ ಟೆಕ್ಸಾಸ್‌ನ ಎಲ್ ಪಾಸೊಗೆ ಮುಕ್ಕಾಲು ಗಂಟೆ ದಾರಿ. ಕರೆ ಶುರುವಾದಾಗ ಎಲ್ ಪಾಸೊದ ಒಂದು ದೊಡ್ಡ ಅಂಗಡಿಯ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತಿದ್ದರು.

"ಇವತ್ತು ನಿಮಗೋಸ್ಕರ ಗಡಿ ದಾಟಿ ಬಂದ್ವಿ ನೋಡಮ್ಮಾ" ಅಂದರು ರಾಯರು.

"ಗಾಡಿ ಯಾರು ಓಡಿಸಿದ್ದು?"

"ಇನ್ಯಾರು, ನಾನೇ."

ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ಎರಡು ಭೇಟಿಗಳಲ್ಲಿ ಈ ಒಂದು ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ. ಅವರ ದುಃಖ ಕೇಳಿಸಿಕೊಳ್ಳುವುದರಲ್ಲಿ ಮುಳುಗಿಬಿಟ್ಟಿದ್ದೆ. ಈಗ ನನ್ನ ಜೊತೆ ಮಾತಾಡಲು ಅವರು ನಡುಗುವ ಕೈಯಲ್ಲಿ 36 ಅಡಿಯ ಗಾಡಿಯನ್ನು ಹೆದ್ದಾರಿಯಲ್ಲಿ ತಂದಿದ್ದರು. ಸುಮತಿಯಮ್ಮ ಆ ಪುಟ್ಟ ಕಾರಿನಲ್ಲಿ ಅವರನ್ನು ಕರೆತರಬಹುದಿತ್ತು. ಹಾಗೆ ಹೇಳಬೇಕಾದವಳು ನಾನು. ಅದೇ ನನ್ನ ತಪ್ಪು.

ಅದನ್ನು ಅವರಿಗೆ ಅಲ್ಲೇ ಹೇಳಿದೆ. "ಇದನ್ನು ಮೊದಲ ದಿನವೇ ಕೇಳಬೇಕಿತ್ತು, ಕ್ಷಮಿಸಿ" ಅಂದೆ. ಆಮೇಲೆ ಸುಮತಿಯಮ್ಮನ ಕಡೆ ತಿರುಗಿ, "ಇವತ್ತು ದಾರಿಯಲ್ಲಿ ರಾಯರಿಗೆ ಕೈ ಬರದೆ ಹೋಗಿದ್ದರೆ ನೀವು ಏನು ಮಾಡುತ್ತಿದ್ದಿರಿ?" ಅಂತ ಕೇಳಿದೆ.

ರಾಯರೇ ಉತ್ತರ ಕೊಟ್ಟರು. "ಅವಳಿಗೆ ಎಲ್ಲ ಗೊತ್ತಮ್ಮಾ. ದಿನಾ ಡೈರಿ ಬರೀತಾಳೆ. ಐದು ವರ್ಷದ ಪ್ರವಾಸ ಪೂರ್ತಿ ಅದರಲ್ಲಿದೆ. ಪುಸ್ತಕ ಮಾಡಿ ಊರಲ್ಲಿ ಹಂಚೋಣ ಅಂತಿದ್ದೀನಿ."

ಆಗ ಸುಮತಿಯಮ್ಮ ಮೆಲ್ಲಗೆ ಹೇಳಿದರು: "ಅದು ಡೈರಿ ಅಲ್ಲ ರೀ. ಆಂಬುಲೆನ್ಸ್‌ನವರಿಗೆ ಹೇಳೋಕೆ ಬರ್ಕೊಂಡಿರೋದು."

ಫ್ರಿಜ್ ಮೇಲಿನಿಂದ ನೋಟ್‌ಬುಕ್ ತಂದು ಓದಿದರು. ಪ್ರತಿ ರಾತ್ರಿ ಒಂದು ಪುಟ. ಎಲ್ಲಿದ್ದೇವೆ, ಎಷ್ಟನೇ ನಂಬರಿನ ಜಾಗ, ಹೆದ್ದಾರಿಯಿಂದ ಯಾವ ಎಕ್ಸಿಟ್, ಹತ್ತಿರದ ಆಸ್ಪತ್ರೆ ಯಾವುದು, ಎಷ್ಟು ಮೈಲಿ. ಇಂಗ್ಲಿಷ್ ಹೆಸರುಗಳನ್ನು ಬಾಯಲ್ಲಿ ಹೇಗೆ ಹೇಳಬೇಕೋ ಹಾಗೆ ಕನ್ನಡದಲ್ಲಿ ಬರೆದಿದ್ದರು. ಗಾಬರಿಯಲ್ಲಿ ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದಾಗ ತಡವರಿಸಬಾರದು ಅಂತ. ಕ್ವಾರ್ಟ್ಜ್‌ಸೈಟ್‌ನ ಪುಟದಲ್ಲಿ ಹೀಗಿತ್ತು: "ಲಾ ಪೋಸಾ ಸೌತ್. ನಂಬರ್ ಇಲ್ಲ. ದೊಡ್ಡ ಕಳ್ಳಿ ಗಿಡದಿಂದ ಎಡಕ್ಕೆ ಮೂರನೇ ಗಾಡಿ. ಆಸ್ಪತ್ರೆ ಪಾರ್ಕರ್, 35 ಮೈಲಿ." ಎಲ್ ಪಾಸೊದ ಪುಟದಲ್ಲಿ ಇನ್ನೊಂದು ಸಾಲು: "ಇಲ್ಲಿ ಟೈಮ್ ಒಂದು ಗಂಟೆ ಹಿಂದೆ. ಮಾತ್ರೆ ಹಳೇ ಟೈಮಿಗೇ ಕೊಡಬೇಕು." ಎಲ್ ಪಾಸೊ ಟೆಕ್ಸಾಸ್‌ನಲ್ಲೇ ಇದ್ದರೂ ಗಡಿಯಾರ ಲಿವಿಂಗ್‌ಸ್ಟನ್‌ಗಿಂತ ಒಂದು ಗಂಟೆ ಹಿಂದೆ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಹೊತ್ತು ತಪ್ಪಿದರೆ ಕೈಕಾಲು ಹಿಡಿದಂತೆ ಆಗುತ್ತದೆ. ಅದನ್ನೂ ಅವರೇ ಲೆಕ್ಕ ಇಡುತ್ತಿದ್ದರು. ಬೇಳೆ, ಮೊಸರು ಜಾಸ್ತಿ ತಿಂದ ಹೊತ್ತಿನಲ್ಲಿ ಮಾತ್ರೆ ಸರಿಯಾಗಿ ಹಿಡಿಯುವುದಿಲ್ಲ ಅಂತ ಊಟದ ಹೊತ್ತನ್ನೂ ಬದಲಿಸಿದ್ದರು.

"ಯಾವಾಗಿಂದ ಬರೀತಿದ್ದೀಯ?" ರಾಯರ ದನಿ ಇಳಿದಿತ್ತು.

"ನೀವು ಕೊಲರಾಡೊದಲ್ಲಿ ಮೆಟ್ಟಿಲ ಮೇಲೆ ಬಿದ್ರಲ್ಲ, ಅವತ್ತಿಂದ. ಫೋನ್ ಕೈಯಲ್ಲಿತ್ತು. ನಾವು ಎಲ್ಲಿದ್ದೀವಿ ಅಂತ ಹೇಳೋಕೆ ನನಗೆ ಬರಲಿಲ್ಲ."

"ನನಗೆ ಯಾಕೆ ಹೇಳಲಿಲ್ಲ?"

"ನಿಮ್ಮ ಕೈ ನಡುಗೋದನ್ನ ನಾನು ನೋಡ್ತಾ ಇದೀನಿ ಅಂತ ನಿಮಗೆ ಅನ್ನಿಸಬಾರದು ಅಂತ."

ಇಬ್ಬರೂ ಸುಮಾರು ಹೊತ್ತು ಮಾತಾಡಲಿಲ್ಲ. ನಾನೂ ಆಡಲಿಲ್ಲ. ರಾಯರು ನೋಟ್‌ಬುಕ್ಕನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಪುಟ ತಿರುಗಿಸಿದರು.

ಆಮೇಲೆ ನಾನು ಸುಮತಿಯಮ್ಮನನ್ನು, "ಹಾಗಾದರೆ ನಿಮಗೆ ಒಂದು ಕಡೆ ನೆಲೆಯಾಗಿ ಮನೆ ಬೇಕಾ?" ಅಂತ ಕೇಳಿದೆ. ಹೌದು ಅನ್ನುತ್ತಾರೆ ಅಂತಲೇ ಅಂದುಕೊಂಡಿದ್ದೆ. ಮಗಳೂ ಹಾಗೇ ನಂಬಿದ್ದರು.

"ಬೇಡ ಮೇಡಂ. ನನಗೂ ಈ ಬದುಕು ಇಷ್ಟ. ಬೆಳಗಾದರೆ ಬೆಟ್ಟ ಕಾಣುತ್ತೆ. ನನಗೆ ಭಯ ಆಗೋದು ಒಂದಕ್ಕೇ. ಇವರು ಮಲಗಿಬಿಟ್ಟರೆ ಈ ಮನೇನ ಒಂದಡಿ ಸರಿಸೋಕೂ ನನಗೆ ಬರಲ್ಲ. ಇದನ್ನ ಕಲಿಸಿ ಅಂತ ಕೇಳೋಕೂ ಧೈರ್ಯ ಇರಲಿಲ್ಲ."

ಇದನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಗಾಡಿಯೇ ಇರಬೇಕು ಅಂತಿಲ್ಲ. ಮನೆ ನಡೆಸುವ ವಿದ್ಯೆ ಪೂರ್ತಿ ಒಬ್ಬರ ಕೈಯಲ್ಲಿರುತ್ತದೆ. ಕಾಯಿಲೆ ಬರುವುದೂ ಅದೇ ಕೈಗೆ. ಆಗ ಎಲ್ಲರೂ ಕಾಯಿಲೆಯವರನ್ನು ನೋಡುತ್ತಾರೆ. ಪಕ್ಕದಲ್ಲಿ ಗಟ್ಟಿಯಾಗಿ ಇರುವವರು ರಾತ್ರಿ ಎದ್ದು ಏನು ಬರೆದುಕೊಳ್ಳುತ್ತಿದ್ದಾರೆ ಅಂತ ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ಆ ದಿನ ಒಂದು ವಿಷಯದಲ್ಲಿ ಚೌಕಾಸಿಗೆ ಜಾಗ ಕೊಡಲಿಲ್ಲ. ಡ್ರೈವಿಂಗ್ ಸಾಮರ್ಥ್ಯ ಪರೀಕ್ಷೆ ಆಗುವವರೆಗೆ ರಾಯರು ಯಾವ ಗಾಡಿಯ ಸ್ಟಿಯರಿಂಗೂ ಹಿಡಿಯಬಾರದು. ಇದಕ್ಕೆಂದೇ ತರಬೇತಿ ಪಡೆದ ಆಕ್ಯುಪೇಷನಲ್ ಥೆರಪಿಸ್ಟ್‌ಗಳು ಇದ್ದಾರೆ. ನ್ಯೂರಾಲಜಿಸ್ಟ್ ಬರೆದುಕೊಟ್ಟರೆ ಅವರು ಪರೀಕ್ಷೆ ಮಾಡುತ್ತಾರೆ. ರಾಯರಿಗೆ ಕೋಪ ಬಂತು. "ನೀನೂ ನನ್ನ ಮಗಳ ಕಡೆಗೇ ಸೇರಿದೆ" ಅಂದರು. ನಾನು ಬಿಡಲಿಲ್ಲ. ರಸ್ತೆಯಲ್ಲಿ ಎದುರಿಗೆ ಬರುವವರ ಮನೆಯಲ್ಲೂ ಮಕ್ಕಳಿರುತ್ತಾರೆ ಅಲ್ವಾ. ಕೊನೆಗೆ ಆರ್‌ವಿ ಸಾಗಿಸಿಕೊಡುವ ಡ್ರೈವರ್ ಒಬ್ಬರನ್ನು ಗೊತ್ತು ಮಾಡಿದರು. ಸುಮಾರು 800 ಮೈಲಿ ದೂರದ ಲಿವಿಂಗ್‌ಸ್ಟನ್‌ಗೆ ಆತ ಗಾಡಿ ತಂದರು. ಇವರಿಬ್ಬರೂ ಹಿಂದೆ ಕಾರಿನಲ್ಲಿ ಬಂದರು, ಸುಮತಿಯಮ್ಮನ ಡ್ರೈವಿಂಗ್‌ನಲ್ಲಿ.

ಗಾಡಿ ಮಾರಿ ಅಂತ ಮಾತ್ರ ನಾನು ಹೇಳಲಿಲ್ಲ. ಮಗಳು ಫೋನ್ ಮಾಡಿ, "ನೀವು ನಮ್ಮಪ್ಪನ ಹಟಕ್ಕೆ ತಾಳ ಹಾಕ್ತಿದ್ದೀರಿ" ಅಂದರು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಎಲ್ಲರೂ ಸೇರಿ ಕೀ ಕಿತ್ತುಕೊಂಡು, ಮಗಳ ಮನೆಯ ಕೋಣೆಯಲ್ಲಿ ಕೂರಿಸಿದ ಹಿರಿಯರನ್ನು ನಾನು ಕಂಡಿದ್ದೇನೆ. ಅವರಿಗೆ ಊಟಕ್ಕೆ, ಔಷಧಿಗೆ ಕೊರತೆ ಇಲ್ಲ. ಮಾತು ಮಾತ್ರ ನಿಂತುಹೋಗಿರುತ್ತದೆ. "ಕನಸು ಬಿಡಬೇಡಿ, ಹೊರಡಿ" ಅನ್ನುವವರನ್ನೂ ನಾನು ಒಪ್ಪುವುದಿಲ್ಲ. ಆ ಮಾತಿನ ಭಾರ ಹೊರುವುದು ಪಕ್ಕದ ಸೀಟಿನಲ್ಲಿ ಕೂತವರು.

ಹಾಗಾಗಿ ನಾನು ಹೇಳಿದ್ದು ಇಷ್ಟು. ನ್ಯೂರಾಲಜಿಸ್ಟ್ ಇರುವ ಊರಿನ ಸುತ್ತ ಒಂದು ವೃತ್ತ ಹಾಕಿಕೊಳ್ಳಿ. ಲಿವಿಂಗ್‌ಸ್ಟನ್‌ನಿಂದ ಹ್ಯೂಸ್ಟನ್‌ಗೆ ಸುಮಾರು 75 ಮೈಲಿ, ದೊಡ್ಡ ಆಸ್ಪತ್ರೆಗಳೆಲ್ಲ ಅಲ್ಲಿವೆ. ಅಲ್ಲೇ ನೆಲೆ ಇರಲಿ, ತಿರುಗಾಟ ಅದರ ಸುತ್ತಮುತ್ತ ಇರಲಿ. ಗಾಡಿಯ ನೀರು, ಕರೆಂಟು, ಗ್ಯಾಸು, ಕೊಳೆನೀರಿನ ಟ್ಯಾಂಕು ಖಾಲಿ ಮಾಡುವುದು, ಜಾಕ್ ಎತ್ತುವುದು, ಎಲ್ಲವನ್ನೂ ಸುಮತಿಯಮ್ಮ ಕೈಯಾರೆ ಮಾಡಿ ಕಲಿಯಲಿ. ರಾಯರು ಕುರ್ಚಿಯಲ್ಲಿ ಕೂತು ಬಾಯಲ್ಲಿ ಹೇಳಲಿ, ಎದ್ದು ಬಂದು ಕೈ ಹಾಕುವ ಹಾಗಿಲ್ಲ. ಗ್ಯಾಸ್ ಸೋರಿಕೆಯ ಅಲಾರಂ ಹಳೆಯದಾಗಿದ್ದರೆ ಇವತ್ತೇ ಬದಲಿಸಿ. ವೈದ್ಯಕೀಯ ನಿರ್ಧಾರ ಯಾರು ತೆಗೆದುಕೊಳ್ಳಬೇಕು ಅನ್ನುವ ಅಧಿಕಾರಪತ್ರ ಬರೆದು, ಒಂದು ಪ್ರತಿ ಗಾಡಿಯಲ್ಲಿ, ಒಂದು ಕಾರಿನಲ್ಲಿ, ಒಂದು ಮಗಳ ಹತ್ತಿರ ಇಡಿ.

ವಿಮೆಯ ವಿಷಯದಲ್ಲಿ ಅವರಿಗೆ ಪೆಟ್ಟು ಬಿದ್ದಿತ್ತು. ಇದನ್ನು ಅಮೆರಿಕದಲ್ಲಿರುವ, 65ರ ಹತ್ತಿರ ಬಂದಿರುವ ಕನ್ನಡದವರು ದಯವಿಟ್ಟು ಗಮನಿಸಿ. ಮೆಡಿಕೇರ್ ಅಂದರೆ 65 ದಾಟಿದವರಿಗೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆ. ಹೆಚ್ಚುವರಿ ಪ್ರೀಮಿಯಂ ಇಲ್ಲ ಅಂತ ಅವರು ಅದರ ಬದಲು ಖಾಸಗಿ ಕಂಪನಿ ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆ ತೆಗೆದುಕೊಂಡಿದ್ದರು. ಅಂಥ ಯೋಜನೆ ಸಾಮಾನ್ಯವಾಗಿ ನಿಮ್ಮ ವಿಳಾಸದ ಸುತ್ತಲಿನ ಡಾಕ್ಟರುಗಳಿಗೆ ಕಟ್ಟಿಹಾಕಿರುತ್ತದೆ. ಬೇರೆ ರಾಜ್ಯದಲ್ಲಿ ತುರ್ತು ಚಿಕಿತ್ಸೆ ಸಿಗುತ್ತದೆ. ತಿಂಗಳಿಗೊಮ್ಮೆ ನ್ಯೂರಾಲಜಿಸ್ಟ್ ನೋಡುವುದಕ್ಕೆ ಅದು ಒದಗುವುದಿಲ್ಲ. ಸರ್ಕಾರವೇ ನಡೆಸುವ ಹಳೆಯ ಮೂಲ ಮೆಡಿಕೇರ್ ಆದರೆ ಅದನ್ನು ಒಪ್ಪುವ ಯಾವ ರಾಜ್ಯದ ಡಾಕ್ಟರ ಹತ್ತಿರವೂ ನಡೆಯುತ್ತದೆ. ಅಕ್ಟೋಬರ್ 15ರಿಂದ ಡಿಸೆಂಬರ್ 7ರ ಒಳಗೆ ಅದಕ್ಕೆ ಮರಳಬಹುದು. ಆದರೆ ಉಳಿದ ಖರ್ಚು ತುಂಬುವ ಮೆಡಿಗ್ಯಾಪ್ ಪಾಲಿಸಿಯನ್ನು ಆರೋಗ್ಯದ ಪ್ರಶ್ನೆ ಇಲ್ಲದೆ ಕೊಡುವುದು, 65 ತುಂಬಿ ಪಾರ್ಟ್ ಬಿ, ಅಂದರೆ ಮೆಡಿಕೇರ್‌ನಲ್ಲಿ ಡಾಕ್ಟರ ಖರ್ಚಿನ ಭಾಗ, ಶುರುವಾದ ಮೊದಲ ಆರು ತಿಂಗಳು. ಆಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಕಂಪನಿಗಳು ಕಾಯಿಲೆ ನೋಡಿ ಬೇಡ ಅನ್ನಬಹುದು. ಇವರಿಗೆ ಹಾಗೇ ಆಯಿತು. ವೃತ್ತ ಹಾಕಿಕೊಳ್ಳಿ ಅಂತ ಹೇಳಲು ಇದೂ ಒಂದು ಕಾರಣ.

ಕೊನೆಯದು ಒಂದು ಹಾಳೆ. ಯಾವಾಗ ನಿಲ್ಲಿಸಬೇಕು ಅಂತ ರಾಯರೇ ತಮ್ಮ ಕೈಯಲ್ಲಿ ಬರೆಯಬೇಕು ಅಂದೆ. ಬುದ್ಧಿ ತಿಳಿಯಾಗಿರುವಾಗ, ಯಾರೂ ಒತ್ತಾಯ ಮಾಡದಿರುವಾಗ. ಎರಡು ವಾರ ತೆಗೆದುಕೊಂಡು ಬರೆದರು. ಅಕ್ಷರ ಇರುವೆ ಸಾಲಿನಷ್ಟು ಚಿಕ್ಕದು. ಒಂದು, ತಿಂಗಳಲ್ಲಿ ಎರಡು ಸಲ ಬಿದ್ದರೆ. ಎರಡು, ರಾತ್ರಿ ಎಬ್ಬಿಸಿ ಕೂರಿಸಲು ಸುಮತಿಗೆ ಆಗದೆ ಹೋದರೆ. ಮೂರನೆಯದನ್ನು ಸೇರಿಸಿ ಅಂತ ನಾನು ಪಟ್ಟು ಹಿಡಿದೆ: ಸುಮತಿ ಸಾಕು ಅಂದರೆ, ಕಾರಣ ಕೇಳುವ ಹಾಗಿಲ್ಲ. ಅದನ್ನು ಬರೆಯಲು ಅವರಿಗೆ ಬಹಳ ಕಷ್ಟವಾಯಿತು. ಬರೆದ ಮೇಲೆ ಹಾಳೆಯನ್ನು ಹೆಂಡತಿಯ ಕೈಗೆ ಕೊಟ್ಟರು.

ಪರೀಕ್ಷೆಯಲ್ಲಿ ದೊಡ್ಡ ಗಾಡಿ ಓಡಿಸಬಾರದು ಅಂತ ಬಂತು. ಸುಮತಿಯಮ್ಮ 36 ಅಡಿಯದನ್ನು ಖಾಲಿ ಮೈದಾನದಲ್ಲಿ ಒಂದು ಸುತ್ತು ಓಡಿಸಿ, "ಇದು ನನ್ನ ಗಾತ್ರಕ್ಕಲ್ಲ" ಅಂದರು. ಅದನ್ನು ಕೊಟ್ಟು 24 ಅಡಿಯದು ತಂದರು. ಈಗ ಓಡಿಸುವುದು ಅವರೇ. ಸಮುದ್ರ ನೋಡಲು ಗ್ಯಾಲ್ವೆಸ್ಟನ್‌ಗೆ ಎರಡು ಸಲ ಹೋಗಿ ಬಂದರು. ಗಾಡಿಯ ಒಳಗೆ ಹೆಜ್ಜೆ ಹೆಜ್ಜೆಗೂ ಹಿಡಿಯಲು ಗೋಡೆ ಸಿಗುತ್ತದೆ, ದೊಡ್ಡ ಮನೆಯಾಗಿದ್ದರೆ ಬೀಳುತ್ತಿದ್ದೆ ಅನ್ನುತ್ತಾರೆ ರಾಯರು. ಅದು ನಿಜ. ಬಾಗಿಲ ಮೆಟ್ಟಿಲ ಹತ್ತಿರ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುವುದೂ ನಿಜ.

ಲಿವಿಂಗ್‌ಸ್ಟನ್‌ನಲ್ಲಿ, 1978ರಲ್ಲಿ ಶುರುವಾದ ಎಸ್ಕೇಪೀಸ್ ಎಂಬ ಆರ್‌ವಿ ಕ್ಲಬ್ಬಿನವರು ಕಟ್ಟಿದ ಆಸರೆಯ ಕೇಂದ್ರ ಒಂದಿದೆ. ಕೇರ್ ಅಂತ ಅದರ ಹೆಸರು. ತಮ್ಮ ಗಾಡಿಯಲ್ಲೇ ಇದ್ದುಕೊಂಡು ಊಟ, ಬಟ್ಟೆ ಒಗೆತ, ಡಾಕ್ಟರ ಹತ್ತಿರ ಹೋಗಿಬರುವುದಕ್ಕೆ ಅಲ್ಲಿ ನೆರವು ಸಿಗುತ್ತದೆ. ಮೊದಲ ಸಲ ಹೆಸರು ಹೇಳಿದಾಗ ರಾಯರು ಮುಖ ತಿರುಗಿಸಿದ್ದರು. ಕಳೆದ ತಿಂಗಳು ಇಬ್ಬರೂ ಹೋಗಿ ನೋಡಿ ಬಂದಿದ್ದಾರೆ.

ಮಗಳು ನನ್ನ ಜೊತೆ ಇನ್ನೂ ಮಾತಾಡುತ್ತಿಲ್ಲ. ಅಪ್ಪ ಅಮ್ಮನ ಜೊತೆ ಮಾತಾಡುತ್ತಿದ್ದಾರೆ.

ಈ ತಿಂಗಳು ರಾಯರು ಒಂದು ಸಲ ಬಿದ್ದರು. ನಿನ್ನೆ ಇನ್ನೊಂದು ಸಲ. ಗುರುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಭೇಟಿ ಇದೆ. "ಆ ಹಾಳೆ ತೆಗೆದು ಇಟ್ಟಿದ್ದೀನಿ ಮೇಡಂ" ಅಂತ ಸುಮತಿಯಮ್ಮ ಸಂದೇಶ ಕಳಿಸಿದ್ದಾರೆ. ಅದರ ಕೆಳಗೆ ರಾಯರದೂ ಒಂದು ಸಾಲು ಇದೆ: "ನಾನೇ ತೆಗೆದುಕೊಡು ಅಂದೆ."