ಸರ್ವಾಧಿಕಾರಿಗಳಿಗೆ ಸಿಗುವ ಜನಬೆಂಬಲ ನಿಜವಾದದ್ದೇ, ಇಲ್ಲ ಬರೀ ಭಯವೇ?

ಎರಡೂ ಇರುತ್ತೆ. ಯಾವುದು ಎಷ್ಟು ಅನ್ನೋದು ಎಷ್ಟೋ ಸಲ ಗದ್ದುಗೆ ಮೇಲೆ ಕೂತವರಿಗೇ ಗೊತ್ತಿರಲ್ಲ. ರೊಮೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕುವನ್ನು 1989ರ ನವೆಂಬರ್‌ನಲ್ಲಿ ಪಕ್ಷ ಒಕ್ಕೊರಲಿನಿಂದ ಮತ್ತೆ ನಾಯಕನಾಗಿ ಆರಿಸಿತ್ತು. ಡಿಸೆಂಬರ್ 21ಕ್ಕೆ, ತಾನೇ ಕರೆಸಿದ ಸಭೆಯಲ್ಲಿ ಜನ ಕೂಗಾಡಿ ಧಿಕ್ಕರಿಸಿದರು. 25ಕ್ಕೆ ಸೈನಿಕರು ಅವನನ್ನು ಗುಂಡಿಟ್ಟು ಕೊಂದೇಬಿಟ್ಟರು. ಪಕ್ಕದವನೂ ತನ್ನ ಹಾಗೇ ಒಳಗೊಳಗೇ ಕುದಿಯುತ್ತಿದ್ದಾನೆ ಅಂತ ಗೊತ್ತಾಗುವವರೆಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಲೇ ಇರ್ತಾರೆ.

ನಮ್ಮ ತುರ್ತು ಪರಿಸ್ಥಿತಿ ಇನ್ನೂ ಗೋಜಲು. ವಾಜಪೇಯಿ, ಅಡ್ವಾಣಿಯವರನ್ನು ಕೂಡಿಹಾಕಿದ್ದ ಬೆಂಗಳೂರಿನ ಸೆಂಟ್ರಲ್ ಜೈಲೇ ಈಗಿನ ಫ್ರೀಡಂ ಪಾರ್ಕ್. ಆದರೂ 1977ರಲ್ಲಿ ಉತ್ತರ ಭಾರತ ಇಂದಿರಾ ಅವರನ್ನು ಕಿತ್ತೆಸೆದಾಗ ಕರ್ನಾಟಕ 28ರಲ್ಲಿ 26 ಸೀಟು ಕಾಂಗ್ರೆಸ್‌ಗೇ ಕೊಟ್ಟಿತು (ಬೆಂಗಳೂರು ದಕ್ಷಿಣ, ಹಾಸನ ಎರಡು ಮಾತ್ರ ಜನತಾ ಪಕ್ಷಕ್ಕೆ ಹೋದವು). ಬಲವಂತದ ಸಂತಾನಹರಣದ ಬಿಸಿ ಉತ್ತರದಷ್ಟು ಇಲ್ಲಿ ತಟ್ಟಿರಲಿಲ್ಲ, ಜೊತೆಗೆ ದೇವರಾಜ ಅರಸರ ಭೂಸುಧಾರಣೆ ಇತ್ತು. ಅದನ್ನು ಭಯದ ವೋಟು ಅನ್ನೋಕೆ ನಾನಂತೂ ಒಪ್ಪಲ್ಲ.

ಅಳೆಯೋಕೆ ಒಂದು ಜಾಣ ಉಪಾಯ ಇದೆ. ಅರ್ಧ ಜನಕ್ಕೆ ಮೂರು ಹೆಸರು ಕೊಡಿ, ಉಳಿದರ್ಧಕ್ಕೆ ಅದೇ ಮೂರರ ಜೊತೆ ನಾಯಕನದ್ದೂ ಸೇರಿಸಿ. ಯಾರು ಅಂತ ಕೇಳಬೇಡಿ, ಎಷ್ಟು ಮಂದಿಯನ್ನು ಬೆಂಬಲಿಸ್ತೀರಿ ಅಂತಷ್ಟೇ ಕೇಳಿ. ಎರಡು ಗುಂಪಿನ ಸರಾಸರಿಯ ವ್ಯತ್ಯಾಸವೇ ಬೆಂಬಲ. ರಷ್ಯಾದಲ್ಲಿ 2015ರಲ್ಲಿ ಹೀಗೆ ಕೇಳಿದಾಗ ಪುಟಿನ್ ಬೆಂಬಲ ನೇರ ಪ್ರಶ್ನೆಗಿಂತ ಸ್ವಲ್ಪವೇ ಕಡಿಮೆ ಬಂತು. ಆದರೆ ಟೀವಿ ಪೂರ್ತಿ ಸರ್ಕಾರದ ಕೈಲಿದ್ದು, ಗಟ್ಟಿ ಎದುರಾಳಿ ಕಣಕ್ಕೇ ಇಳಿಯದಂತೆ ನೋಡಿಕೊಂಡ ಕಡೆ ಅದು ಯಾರಿಗೆ ಹೋಲಿಸಿದ ಬೆಂಬಲ ಅನ್ನೋದನ್ನು ಈ ಲೆಕ್ಕ ಹೇಳಲ್ಲ.