ಮನೆಗೆ ಪಹಣಿ ಇದೆ, ದಾರಿಗೆ ಏನಿದೆ?

ಮಲೆನಾಡಿನಲ್ಲಿ ಎರಡನೇ ಮನೆ ಹುಡುಕುವವರು ಸರ್ವೆ ಕೆಲಸದವನಾದ ನನಗೆ ಕಳಿಸುವ ಪ್ರಶ್ನೆಗಳಲ್ಲಿ ಹೊಸದೇನೂ ಇರುವುದಿಲ್ಲ. ತೀರ್ಥಹಳ್ಳಿ ಹೋಗಿ ಕೊಪ್ಪ ಆಗಿರುತ್ತದೆ, ಅಷ್ಟೇ. ಪಹಣಿ, ಋಣಭಾರ ಪತ್ರ, ಮ್ಯುಟೇಶನ್ ನೋಡಿ ಅಂತ ಮತ್ತೆ ಬರೆಯುವುದಿಲ್ಲ. ಅದನ್ನೂ ನೋಡದೆ ಅಡ್ವಾನ್ಸ್ ಕೊಡುವವರಿಗೆ ನನ್ನಿಂದ ಉಪಯೋಗ ಇಲ್ಲ.

ಪ್ರಶ್ನೆ: ಹೆಂಚಿನ ಹಳೇ ಮನೆ, ಒಂದೂವರೆ ಎಕರೆ ಅಡಿಕೆ ತೋಟ. ದಾಖಲೆ ಸರಿ ಇದೆ. ಟಾರು ರಸ್ತೆಯಿಂದ ಮನೆಯವರೆಗಿನ ಮಣ್ಣಿನ ದಾರಿ ಮಾತ್ರ ಪಕ್ಕದವರ ಜಾಗದಲ್ಲಿದೆ. ‘ಐವತ್ತು ವರ್ಷದಿಂದ ಓಡಾಡ್ತಿದ್ದಾರೆ, ಯಾರೂ ತಡೆಯಲ್ಲ’ ಅಂತಾರೆ ಬ್ರೋಕರ್. ಮುಂದುವರಿಯಬಹುದಾ?

ಬೇಡ. ದಾರಿ ಕಾಗದದ ಮೇಲೆ ಬರುವ ತನಕ ಒಂದು ರೂಪಾಯಿಯೂ ಬೇಡ.

ಈ ‘ಯಾರೂ ತಡೆಯಲ್ಲ’ ಕೇಳಿ ಕೇಳಿ ಸಾಕಾಗಿದೆ. ತಡೆಯದೇ ಇದ್ದದ್ದು ಹಳೇ ಯಜಮಾನರನ್ನು. ಅವರು ಪಕ್ಕದವರ ದಾಯಾದಿಯೋ, ಒಟ್ಟಿಗೆ ಶಾಲೆಗೆ ಹೋದವರೋ ಆಗಿರುತ್ತಾರೆ. ಅಡಿಕೆ ಸುಲಿಯುವಾಗ ಇವರ ಮನೆಗೆ ಅವರು, ಅವರ ಮನೆಗೆ ಇವರು. ಆ ಸಂಬಂಧ ಕ್ರಯಪತ್ರದಲ್ಲಿ ನಿಮ್ಮ ಹೆಸರಿಗೆ ಬರುವುದಿಲ್ಲ.

ಐವತ್ತು ವರ್ಷ ನಡೆದರೆ ಹಕ್ಕು ತಾನಾಗಿಯೇ ಬರುತ್ತದೆ ಅನ್ನುವ ಅರೆಬರೆ ಪಂಡಿತರು ಪ್ರತಿ ಸಂತೆಯಲ್ಲೂ ಸಿಗುತ್ತಾರೆ. ಬೇರೆಯವರ ಜಾಗದಲ್ಲಿ ಓಡಾಡುವಂಥ ಹಕ್ಕುಗಳ ಕಾನೂನಾದ 1882ರ ಈಸ್‌ಮೆಂಟ್ ಕಾಯ್ದೆ ಹಾಗೆ ಹೇಳುವುದಿಲ್ಲ. 20 ವರ್ಷ ಎಡೆಬಿಡದೆ, ಬಹಿರಂಗವಾಗಿ, ‘ಇದು ನನ್ನ ಹಕ್ಕು’ ಅಂತಲೇ ಓಡಾಡಿರಬೇಕು. ‘ಹೋಗ್ಲಿ ಬಿಡು ಮಾರಾಯ’ ಅಂತ ಬಿಟ್ಟ ದಾರಿ ನೂರು ವರ್ಷ ಆದರೂ ಬರೀ ಅನುಮತಿ. ಅದಲ್ಲ, ಹಕ್ಕೇ ಅಂತ ಸಿವಿಲ್ ಕೋರ್ಟಿನಲ್ಲಿ ಸಾಬೀತು ಮಾಡಬೇಕಾದವರು ನೀವು. ಮತ್ತೊಂದು ವಿಷಯ. ಕಾಲುದಾರಿಯ ಹಕ್ಕು ಇದ್ದರೆ ಕಾರಿನ ಹಕ್ಕೂ ಇದೆ ಅಂತಲ್ಲ. ಎರಡೂ ಬೇರೆ ಬೇರೆ.

ಕೊಪ್ಪದ ಕಡೆ ಒಂದು ಮನೆ. ಬೆಂಗಳೂರಿನ ಗಂಡ ಹೆಂಡತಿ ಮೇ ತಿಂಗಳಲ್ಲಿ ನೋಡಿದರು. ಕಾರು ಸೀದಾ ಜಗಲಿ ತನಕ ಹೋಯಿತು. ನನ್ನ ಕರೆಸಿ ಚಕ್ಕುಬಂದಿ ಅಳೆಸಿದರು. ನಾಲ್ಕೂ ಕಡೆ ಅಗಳು (ಗಡಿಯ ಕಂದಕ), ಗುಂಟೆಗೆ ಗುಂಟೆ ತಾಳೆಯಾಯಿತು. ನವೆಂಬರಿನಲ್ಲಿ ಸಾಮಾನು ತಂದರೆ ದಾರಿಯೇ ಇಲ್ಲ! ಮೇನಲ್ಲಿ ಅವರು ದಾರಿ ಅಂದುಕೊಂಡಿದ್ದು ಪಕ್ಕದ ಮನೆಯ ಅಂಗಳ. ಈಗ ಅಲ್ಲಿ ಚಪ್ಪರ ಎದ್ದಿತ್ತು, ಕೆಳಗೆ ಬೇಯಿಸಿದ ಅಡಿಕೆಯ ಹಂಡೆ ಹಬೆಯಾಡುತ್ತಿತ್ತು. ಪಕ್ಕದವರು ಕೆಟ್ಟವರೇನಲ್ಲ. ಎರಡು ತಿಂಗಳು ರಸ್ತೆ ಹತ್ತಿರ ಕಾರು ಬಿಟ್ಟು ನಡೆದು ಹೋಗಿ ಅಂದರು. ಹಳಬರೂ ಹಾಗೇ ಮಾಡುತ್ತಿದ್ದರಂತೆ. ಇವರು ಕೇಳದೆ ತೋಟದ ಅಂಚಿನಲ್ಲಿ ಜೆಸಿಬಿ ಹೊಡೆಸಿ ಅಗಳು ಮುಚ್ಚಿಸಿದರು. ಮಾರನೇ ಬೆಳಗ್ಗೆ ದಾರಿಗೆ ಅಡ್ಡ ಹಾಕುವ ಉಣುಗೋಲಿಗೆ ಸರಪಳಿ, ಬೀಗ. ಕೇಸು ಇನ್ನೂ ನಡೆಯುತ್ತಿದೆ.

ಅಳೆಯಲು ಹೋದವನು ನಾನೇ ಅಲ್ವಾ? ದಾರಿ ಯಾರದು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಕೆಲಸ ಅಲ್ಲ ಅಂದುಕೊಂಡಿದ್ದೆ. ಆಮೇಲೆ ದಾರಿ ನೋಡದೆ ಅಳತೆ ಸರಪಳಿ ಹಿಡಿಯುವುದಿಲ್ಲ.

ಪಹಣಿಯಲ್ಲಿ ದಾರಿ ಹುಡುಕಬೇಡಿ, ಗ್ರಾಮ ನಕಾಶೆ ತೆಗೆಸಿ. ನಕಾಶೆಯಲ್ಲಿ ಬಂಡಿದಾರಿ ಇದ್ದು, ನೆಲದ ಮೇಲೂ ಅದು ಅಲ್ಲೇ ಇದ್ದರೆ ನಿಮ್ಮ ಅದೃಷ್ಟ. ಅದನ್ನು ಯಾರಾದರೂ ಮುಚ್ಚಿದರೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ನಕಾಶೆಯಲ್ಲಿ ಇಲ್ಲದಿದ್ದರೆ ಪಕ್ಕದವರಿಂದ ದಾರಿ ಹಕ್ಕಿನ ಪತ್ರ ನೋಂದಣಿ ಆಗಬೇಕು. ಜೊತೆಗೆ ನಕ್ಷೆ ಇರಲಿ. ಎಲ್ಲಿಂದ ಎಲ್ಲಿಗೆ, ಎಷ್ಟು ಅಡಿ ಅಗಲ, ವಾಹನ ಹೋಗಬಹುದಾ, ಕರೆಂಟು ಕಂಬ ಮತ್ತು ನೀರಿನ ಪೈಪು ಎಳೆಯಬಹುದಾ, ನಡುವಿನ ಸಂಕ (ಸಣ್ಣ ಸೇತುವೆ) ಮುರಿದರೆ ರಿಪೇರಿ ಯಾರದು, ಎಲ್ಲ ಬರೆಸಿ. ನಾನು 12 ಅಡಿಗಿಂತ ಕಡಿಮೆಗೆ ಒಪ್ಪುವುದಿಲ್ಲ. ಮರಳಿನ ಲಾರಿ ಒಮ್ಮೆ ಬಂದರೆ ಯಾಕೆ ಅಂತ ಗೊತ್ತಾಗುತ್ತದೆ. ಪಕ್ಕದ ಮನೆಯ ಯಜಮಾನರೊಬ್ಬರ ಸಹಿ ಸಾಲದು. ಪಿತ್ರಾರ್ಜಿತ ಆಸ್ತಿಯಾದರೆ ಅಣ್ಣತಮ್ಮಂದಿರ ಜೊತೆ ಅಕ್ಕತಂಗಿಯರದೂ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೂ ‘ಹೆಣ್ಣುಮಕ್ಕಳದ್ದು ಏನಿಲ್ಲ ಬಿಡಿ’ ಅನ್ನುವ ಬ್ರೋಕರನ್ನು ಅಲ್ಲಿಂದಲೇ ವಾಪಸ್ ಕಳಿಸಿ.

ಈ ಓಡಾಟವೆಲ್ಲ ಮಾರುವವರದು, ನಿಮ್ಮದಲ್ಲ. ನಿಮ್ಮ ಕೆಲಸ ಒಂದೇ. ಬ್ರೋಕರ್ ಇಲ್ಲದೆ ಪಕ್ಕದ ಮನೆಗೆ ಹೋಗಿ ಕಾಫಿ ಕುಡಿದು ಬನ್ನಿ. ಅವರು ದಾರಿಯ ಮಾತು ಎತ್ತಿದ ಕೂಡಲೇ ಮಳೆಯ ವಿಷಯಕ್ಕೆ ಹೊರಳಿದರೆ ಬೇರೆ ಮನೆ ನೋಡಿ.

ಪ್ರಶ್ನೆ: ಪಹಣಿಯಲ್ಲಿ ಎರಡು ಎಕರೆ. ‘ಸ್ವಾಧೀನ ನಾಲ್ಕು ಎಕರೆ ಇದೆ’ ಅಂತ ಅಷ್ಟಕ್ಕೂ ರೇಟು ಹೇಳುತ್ತಿದ್ದಾರೆ.

ಎರಡು ಎಕರೆಗೆ ದುಡ್ಡು ಕೊಡಿ. ಉಳಿದದ್ದು ಒತ್ತುವರಿ, ಇಲ್ಲವೇ ಸೊಪ್ಪಿನ ಬೆಟ್ಟ. ಬೆಟ್ಟದಿಂದ ತೋಟಕ್ಕೆ ಸೊಪ್ಪು ತರಬಹುದು. ಅಲ್ಲಿ ಕಾಟೇಜು ಕಟ್ಟಲು ಅದು ಮಾರುವವರದ್ದೂ ಅಲ್ಲ, ನಿಮ್ಮದೂ ಆಗಲ್ಲ.

ಪ್ರಶ್ನೆ: ನಾವು ರೈತ ಕುಟುಂಬದವರಲ್ಲ. ತೋಟ ಕೊಳ್ಳಬಹುದಾ? ಅಮೆರಿಕದಲ್ಲಿರುವ ಮಗನ ಹೆಸರಿಗೆ ಮಾಡಿಸಬಹುದಾ?

ಮೊದಲನೆಯದಕ್ಕೆ ಹೌದು. ರೈತರಲ್ಲದವರು ಕೃಷಿ ಜಮೀನು ಕೊಳ್ಳಲು ಅಡ್ಡವಿದ್ದ ಭೂಸುಧಾರಣಾ ಕಾಯ್ದೆಯ ಕಲಂ 79ಎ, 79ಬಿ 2020ರಲ್ಲೇ ಹೋದವು. ಎರಡನೆಯದಕ್ಕೆ ಇಲ್ಲ. ಅನಿವಾಸಿಗಳು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಮುಂದೆ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಮಾತ್ರ ಹತ್ತಿರಕ್ಕೂ ಹೋಗಬೇಡಿ. ಅಂಥದ್ದನ್ನು ಮರಳಿ ಕೊಡಿಸಿ ಅಂತ ಕೇಳಲು 2023ರ ತಿದ್ದುಪಡಿ ಆದಮೇಲೆ ಕಾಲಮಿತಿಯೇ ಇಲ್ಲ.

ಪ್ರಶ್ನೆ: ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಸಾಕು, ನೋಂದಣಿ ಖರ್ಚು ಉಳಿಯುತ್ತೆ ಅಂತಾರೆ.

ಜಿಪಿಎಯಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಪ್ರಶ್ನೆ: ನೀರು ನೋಡುವವರ ಅಂಗೈ ಮೇಲೆ ತೆಂಗಿನಕಾಯಿ ನೆಟ್ಟಗೆ ನಿಂತಿತು. ನೀರು ಖಾತ್ರಿ ತಾನೇ?

ಕಾಯಿ ಒಡೆದು ಚಟ್ನಿ ಮಾಡಿ. ಏಪ್ರಿಲ್ ಕೊನೆಯಲ್ಲಿ ಹೋಗಿ ಸಂಜೆ ಬಾವಿಯ ನೀರು ಪಂಪಿನಲ್ಲಿ ಎತ್ತಿಸಿ. ಬೆಳಗ್ಗೆ ಎಷ್ಟು ಮೆಟ್ಟಿಲು ಮುಳುಗಿದೆ ಅಂತ ಎಣಿಸಿ.

ಪ್ರಶ್ನೆ: ಮನೆ ಇಷ್ಟ ಆಯಿತು. ಆದರೆ ಪಕ್ಕದಲ್ಲೇ ದನದ ಕೊಟ್ಟಿಗೆ. ತೆಗೆಸಲು ಪಂಚಾಯಿತಿಗೆ ದೂರು ಕೊಡಬಹುದಾ?

ನೀವು ಸೈಟೇ ಕೊಂಡುಕೊಳ್ಳಿ, ಬೆಂಗಳೂರಿನಲ್ಲಿ.